ಜೂನ್ ಒಂದರವರು

ಬರೆದು ಮುಗಿಸಿ, ಬೆರಳಿನ ಸೀಮೆಸುಣ್ಣವನ್ನು ಧೋತರದ ಅಂಚಿಗೆ ಒರೆಸಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ವಾಮದೇವಪ್ಪನಿಗೆ ಮೊದಲು ಅನ್ನಿಸಿದ್ದು ಅಕ್ಷರ ದುಂಡಗೆ ಬಂದಿವೆ ಎಂದು. ಆಮೇಲೆ ಅನ್ನಿಸಿದ್ದು, ಇದನ್ನು ಈಗಿಂದೀಗ ಅಳಿಸಬೇಕು ಎಂದು. ಅಷ್ಟರಲ್ಲಿ ಮಿಲ್ಲು ಕೂಗಿತು. ಗೇಟಿನ ಆಚೆ ಕಾದಿದ್ದ ಮೊದಲ ಪಾಳಿಯವರು, ಕೈಯಲ್ಲಿ ರೊಟ್ಟಿಯ ಗಂಟು, ಬಾಯಲ್ಲಿ ಹೊಗೆಸೊಪ್ಪು, ಒಬ್ಬರನ್ನೊಬ್ಬರು ತಳ್ಳುತ್ತ ಒಳಗೆ ನುಗ್ಗಿದರು. ಒದ್ದೆ ಬಟ್ಟೆ ವಾಮದೇವಪ್ಪನ ಕೈಯಲ್ಲೇ ಉಳಿಯಿತು. ಎಲ್ಲರೆದುರು ಅಳಿಸಿದರೆ ಕದ್ದು ಸಿಕ್ಕಿಬಿದ್ದ ಹಾಗೆ. ಅಳಿಸದೆ ಬಿಟ್ಟರೆ, ಕದ್ದ ಜಾಗದಲ್ಲಿ ವಿಳಾಸ ಬರೆದಿಟ್ಟು ಬಂದ ಹಾಗೆ. ಯಾವುದು ವಾಸಿ ಎಂದು ಅವನು ಯೋಚಿಸುತ್ತಿರುವಾಗಲೇ ಗೇಟಿನ ಜಮಾಲ್ ಸಾಬ್ ತನ್ನ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೋರ್ಡಿನ ಮುಂದೆ ಬಂದು ನಿಂತು, ದಿನಾ ಮಾಡುವಂತೆ ಗಟ್ಟಿಯಾಗಿ ಓದತೊಡಗಿದ.

"ಈ ದಿನ. ಜೂನ್ ಒಂದು. ಸಾವಿರದೆಂಟುನೂರಾ ಮೂವತ್ತೊಂದು, ಭೂಮಿಯ ಉತ್ತರ ಕಾಂತಧ್ರುವ ಪತ್ತೆ. ಅಚ್ಛಾ. ಸಾವಿರದೊಂಬೈನೂರಾ ಇಪ್ಪತ್ತೊಂಬತ್ತು, ಚಿತ್ರತಾರೆ ನರ್ಗಿಸ್ ಜನನ. ವಾರೆವ್ಹಾ! ಹೋದ ವರ್ಷ, ನಯಾಪೈಸೆ ಹೋಗಿ ಬರೀ ಪೈಸೆ ಆದದ್ದು. ಸಾವಿರದೊಂಬೈನೂರಾ ಇಪ್ಪತ್ತೆಂಟು..." ಜಮಾಲ್ ಸಾಬ್ ನಿಲ್ಲಿಸಿದ. ಕನ್ನಡಕ ಸರಿಮಾಡಿಕೊಂಡ. ಬೋರ್ಡು ನೋಡಿದ, ವಾಮದೇವಪ್ಪನನ್ನು ನೋಡಿದ, ಮತ್ತೆ ಬೋರ್ಡು ನೋಡಿದ. "ಟೈಮ್ ಆಫೀಸಿನ ಕೆ. ವಾಮದೇವಪ್ಪ ಜನನ. ಕ್ಯಾ ಸಾಬ್ರೆ, ಇವತ್ತು ನೀವೂ ಹುಟ್ಟೀರಾ?"

ಹೂಂ ಎನ್ನಬೇಕೋ ಊಹೂಂ ಎನ್ನಬೇಕೋ ತಿಳಿಯದೆ ವಾಮದೇವಪ್ಪ ಕೆಮ್ಮಿದ. ಕೆಮ್ಮುತ್ತಲೇ, ಪಾಳಿಯವರ ಹಾಜರಿ ಬರೆಯುವ ಟೈಮ್ ಆಫೀಸಿನ ಒಳಗೆ ಹೋಗಿ, ಕಿಟಕಿಯ ಹಿಂದೆ ತನ್ನ ಸ್ಟೂಲಿನ ಮೇಲೆ ಕೂತು, ಕೆಮ್ಮು ನಿಂತ ಮೇಲೂ ಮರ್ಯಾದೆಗೆಂದು ಇನ್ನೆರಡು ಸಲ ಕೆಮ್ಮಿದ. ಆ ಬೋರ್ಡನ್ನು ಗೇಟಿಗೆ ಹಾಕಿಸಿದ್ದು ವೆಲ್‌ಫೇರ್ ಆಫೀಸರ್ ಮುರುಗೇಶಪ್ಪನವರು, ಹಾಕಿಸಿದ್ದು 'ಗೋಡೆಗೆ ಉಗುಳಬಾರದು' ಎಂದು ಬರೆಸಲಿಕ್ಕೆ. ದಾವಣಗೆರೆಯಲ್ಲೇ ಚೆಂದದ ಕೈಬರಹ ಎಂದು ಹೆಸರಾದ ತಾನು ದಿನಬೆಳಗಾದರೆ ಉಗುಳಿನ ವಿಷಯ ಬರೆಯುವುದೇ ಎಂದು ವಾಮದೇವಪ್ಪನಿಗೆ ಅಸಹ್ಯವಾಗಿ, ಒಂದು ದಿನ ಧೈರ್ಯ ಮಾಡಿ, ಸಾರ್, ದಿನಕ್ಕೊಂದು ಚರಿತ್ರೆ ಬರೆಯುತ್ತೇನೆ, ಕಾರ್ಮಿಕರಿಗೆ ಜ್ಞಾನ ಬರುತ್ತದೆ ಎಂದಿದ್ದ. ಜ್ಞಾನ ಬಂದರೆ ಉಗುಳುವುದು ನಿಲ್ಲುತ್ತದೆಯೇ ಎಂದು ಮುರುಗೇಶಪ್ಪ ಕೇಳಿದ್ದರು. ನಿಲ್ಲುತ್ತದೆ ಎಂದು ವಾಮದೇವಪ್ಪ ಮಾತು ಕೊಟ್ಟಿದ್ದ. ನಿಲ್ಲಲಿಲ್ಲ. ಆದರೆ ಜನ ಬೋರ್ಡಿನ ಎದುರು ನಿಂತು ಓದಿ, ಆಮೇಲೆ ಉಗುಳತೊಡಗಿದರು. ಅದೇನು ಕಡಿಮೆಯೇ? ಪಿ.ಜೆ. ಬಡಾವಣೆಯ ಕಡೆಯಿಂದ ಸೈಕಲ್ಲಿನಲ್ಲಿ ಬರುವ ವಕೀಲರೊಬ್ಬರು ಕೂಡ ಗೇಟಿನ ಹತ್ತಿರ ಕಾಲೂರಿ ಓದಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಹೆಂಡತಿ ಬಸವಣ್ಣೆಮ್ಮ ಅವನ ಮಾತನ್ನು ಅರ್ಧಕ್ಕೇ ಬಿಟ್ಟು ಒಲೆಯ ಕಡೆ ತಿರುಗುತ್ತಿದ್ದಳು. ಈ ಊರಿನಲ್ಲಿ ಅವನ ಮಾತನ್ನು ಪೂರ್ತಿಯಾಗಿ ಕೇಳುತ್ತಿದ್ದದ್ದು ಆ ಕಪ್ಪು ಹಲಗೆಯೊಂದೇ.

ಹಾಗಾದರೆ ಅದಕ್ಕೆ ಅನ್ಯಾಯ ಮಾಡಿದೆನೇ? ಬೆಳಿಗ್ಗೆ ಏಳುವಾಗ ಅಂಥ ಯೋಚನೆ ಇರಲಿಲ್ಲ, ಶಿವನಾಣೆ ಇರಲಿಲ್ಲ. ಕಾಂತಧ್ರುವ ಬರೆದ. ನರ್ಗಿಸ್ ಬರೆದ. ಅದೇ ದಿನ ಹುಟ್ಟಿ ಮೂರು ವರ್ಷದ ಹಿಂದೆ ತೀರಿಕೊಂಡ ಅಮೆರಿಕದ ಬೆಡಗಿನ ನಟಿಯೊಬ್ಬಳ ಹೆಸರನ್ನು, ಗೇಟಿನಲ್ಲಿ ಹೆಣ್ಣುಮಕ್ಕಳು ಓಡಾಡುತ್ತಾರೆಂದು ಬಿಟ್ಟ. ಬಿಟ್ಟದ್ದರಿಂದ ಕೆಳಗೆ ಒಂದು ಸಾಲು ಜಾಗ ಉಳಿಯಿತು. ಖಾಲಿ ಜಾಗ ಮನುಷ್ಯನನ್ನು ಕೆಡಿಸುತ್ತದೆ. ನರ್ಗಿಸ್ ಮತ್ತು ನಾನು ಒಂದೇ ದಿನದವರು, ನಾನೇ ಒಂದು ವರ್ಷ ಹಿರಿಯವ ಎಂಬ ಮಾತನ್ನು ಅವನು ಎಷ್ಟೋ ವರ್ಷದಿಂದ ಹೊರಗೆ ಯಾರಿಗೂ ಹೇಳದೆ ಬಾಯಲ್ಲಿ ಕಲ್ಲುಸಕ್ಕರೆಯಂತೆ ಇಟ್ಟುಕೊಂಡಿದ್ದ. ಒಮ್ಮೆ ಬಸವಣ್ಣೆಮ್ಮನಿಗೆ ಹೇಳಿದಾಗ ಅವಳು, "ಆಕಿ ಅಲ್ಲಿ ಹುಟ್ಟಿದ್ಲು, ನೀವು ಇಲ್ಲಿ ಹುಟ್ಟಿದ್ರಿ, ಅದಕ್ಕ ನಾ ಏನ್ ಮಾಡ್ಲಿ?" ಎಂದಿದ್ದಳು. ಕೈ ತಾನಾಗಿಯೇ ಬರೆಯಿತು. ಬರೆದದ್ದು ಕೈ, ಒದೆ ಬೀಳುವುದು ಬೆನ್ನಿಗೆ. ಮುರುಗೇಶಪ್ಪನವರು ಹತ್ತು ಗಂಟೆಗೆ ಬರುತ್ತಾರೆ. ಬಂದು ಓದುತ್ತಾರೆ. ಓದಿ ನಗುತ್ತಾರೆ. ಬೈದರೆ ತಡೆದುಕೊಳ್ಳಬಹುದು, ನಕ್ಕರೆ? ವಾಮದೇವಪ್ಪನ ಕಿವಿ ಈಗಲೇ ಬಿಸಿಯಾಯಿತು.

ಮೊದಲು ಬಂದವನು ಮಗ್ಗದ ಖಾತೆಯ ಉಚ್ಚಂಗೆಪ್ಪ. ನಗಲಿಕ್ಕೆ ಬಂದ ಎಂದುಕೊಂಡು ವಾಮದೇವಪ್ಪ ಮುಖ ಗಂಟು ಹಾಕಿಕೊಂಡ. ಉಚ್ಚಂಗೆಪ್ಪ ಕಿಟಕಿಯ ಸರಳು ಹಿಡಿದು, ಸುತ್ತ ನೋಡಿ, ದನಿ ತಗ್ಗಿಸಿ, "ಸಾರ್, ನಂದೂ ಜೂನ್ ಒಂದೇ ಐತ್ರಿ. ನನ್ ಹೆಸ್ರೂ ಹಾಕ್ರಿ," ಎಂದ. ವಾಮದೇವಪ್ಪನಿಗೆ ಒಳಗೊಳಗೇ ನಗು ಬಂತು. ಪಾಪ, ಇವನದು ಯಾವ ಜೂನ್ ಒಂದು? ಯಾವ ಊರಲ್ಲಿ ಗೊತ್ತಿಲ್ಲ ಇದು? ಜೂನ್ ಒಂದಕ್ಕೆ ಶಾಲೆ ಶುರು. ಅಪ್ಪನೋ ಮಾವನೋ ಹುಡುಗನನ್ನು ಎಳೆದು ತಂದು ನಿಲ್ಲಿಸುತ್ತಾರೆ. ಯಾವಾಗ ಹುಟ್ಟಿದ್ದು ಎಂದರೆ, ಆ ವರ್ಷ ಮೆಣಸಿನಕಾಯಿ ಚೆನ್ನಾಗಿ ಬಂದಿತ್ತು ಎನ್ನುತ್ತಾರೆ. ಮೇಷ್ಟ್ರು ಹುಡುಗನ ಕೈಯನ್ನು ತಲೆಯ ಮೇಲಿಂದ ಹಾಯಿಸಿ, ಆಚೆ ಕಿವಿ ಮುಟ್ಟುತ್ತದೆಯೋ ನೋಡಿ, ಮುಟ್ಟಿದರೆ ಜೂನ್ ಒಂದು ಎಂದು ಬರೆದು ಮುಂದಿನವನನ್ನು ಕರೆಯುತ್ತಾರೆ. ಅರ್ಧ ಜಿಲ್ಲೆ ಹುಟ್ಟಿದ್ದು ಹಾಗೆ. ಹರಿಹರದ ಶಾಲೆಯಲ್ಲಿ ಕೊಟ್ಟೂರಪ್ಪ ಮೇಷ್ಟ್ರು ಒಂದೇ ಬೆಳಿಗ್ಗೆ ಒಂದು ಬೀದಿಯನ್ನೇ ಹಡೆದು, ಕೈ ತೊಳೆದುಕೊಂಡು ಉಪ್ಪಿಟ್ಟಿಗೆ ಹೋದದ್ದನ್ನು ವಾಮದೇವಪ್ಪನೇ ಕಂಡಿದ್ದ. ಅವನೂ ಆ ಸಾಲಿನಲ್ಲಿ ನಿಂತಿದ್ದ, ಕಿವಿ ಮುಟ್ಟಿದ್ದ. ಆದರೂ ತನ್ನದು ಹಾಗಲ್ಲ ಎಂದು ಅವನ ನಂಬಿಕೆ. ಉಳಿದವರದು ಮೇಷ್ಟ್ರು ಬರೆದದ್ದು, ತನ್ನದು ನಿಜ. ಆಧಾರವೇನು ಎಂದು ಅವನು ಎಂದೂ ತನ್ನನ್ನು ಕೇಳಿಕೊಂಡಿರಲಿಲ್ಲ. ಇವತ್ತು, ಈ ಬಡಪಾಯಿಯ ಮುಖ ನೋಡುತ್ತ, ಮೊದಲ ಸಲ ಕೇಳಿಕೊಂಡ.

"ನಿಂದು ಮೇಷ್ಟ್ರು ಬರದದ್ದೋ ಮಾರಾಯ," ಎಂದ, ತನ್ನ ಹೆದರಿಕೆಯನ್ನು ಅವನ ಮೇಲೆ ಹೇರುತ್ತ.

"ಉಳದೋರದ್ದು ಮೇಷ್ಟ್ರು ಬರದದ್ರಿ," ಎಂದ ಉಚ್ಚಂಗೆಪ್ಪ ತಣ್ಣಗೆ. "ನಂದು ನಿಜಾನೇ ಐತೆ."

ಹೆಸರು ಬರೆಯದೆ ವಿಧಿಯಿರಲಿಲ್ಲ. ನನ್ನದನ್ನು ಯಾಕೆ ಬರೆದುಕೊಂಡೆ ಎಂದು ಕೇಳಿದರೆ ಏನು ಹೇಳುವುದು? ಬರೆದ. ಬರೆದು ಬಂದು ಕೂರುವಷ್ಟರಲ್ಲಿ ಇನ್ನಿಬ್ಬರು. ಅವರು ಹೋಗುವಷ್ಟರಲ್ಲಿ ಹತ್ತಿ ಬಿಡಿಸುವ ಖಾತೆಯವರು ಹಿಂಡಾಗಿ ಬಂದರು. ಯಾವ ಪುಣ್ಯಾತ್ಮ ಹಬ್ಬಿಸಿದನೋ, ಜೂನ್ ಒಂದಕ್ಕೆ ಹುಟ್ಟಿದವರಿಗೆ ಕಂಪನಿಯವರು ಒಂದೊಂದು ಧೋತರ ಕೊಡುತ್ತಾರೆ, ಬೋರ್ಡಿನಲ್ಲಿ ಹೆಸರಿರಬೇಕು ಎಂದು ಸುದ್ದಿಯಾಗಿತ್ತು. ಕಾಂತಧ್ರುವ ಅಳಿಸಿ ಹೋಗಿ ಅಲ್ಲಿ ಮಾಲತೇಶಪ್ಪ ಬಂದ. ಪೈಸೆಯ ಜಾಗದಲ್ಲಿ ಅಣ್ಣತಮ್ಮಂದಿರಿಬ್ಬರು ಬಂದರು. ಇಬ್ಬರೂ ಒಂದೇ ವರ್ಷದ ಒಂದೇ ದಿನ ಹುಟ್ಟಿದ್ದರು, ಅವಳಿ ಅಲ್ಲ. ನರ್ಗಿಸಳನ್ನು ಮಾತ್ರ ಅಳಿಸಗೊಡದೆ ಜಮಾಲ್ ಸಾಬ್ ಕೋಲು ಅಡ್ಡ ಹಿಡಿದು ನಿಂತ. ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ವಾಮದೇವಪ್ಪ ರಾತ್ರಿಯೆಲ್ಲ ಉರುಳಾಡಿ ಪಡಬಹುದಾಗಿದ್ದ ನಾಚಿಕೆಯನ್ನು ಇವರು ಕಡಲೆಪುರಿಯಂತೆ ಹಂಚಿಕೊಂಡು ಹೋಗುತ್ತಿದ್ದರು. ಅದೇ ಅವನಿಗೆ ಎಲ್ಲಕ್ಕಿಂತ ದೊಡ್ಡ ಅವಮಾನವೆನಿಸಿತು. ಅಹಂಕಾರಿ ಎಂದಾದರೂ ಒಬ್ಬ ಅನ್ನಬಾರದೇ?

ಕೊನೆಗೆ ನೂಲು ಸುತ್ತುವ ಖಾತೆಯ ಊರಮ್ಮ ಬಂದಳು. ತಲೆಯಲ್ಲಿ ಹತ್ತಿಯ ಎಳೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಕಿಟಕಿಯ ಎದುರು ನಿಂತು ಒಳಗೆ ಇಣುಕಿದಳು.

"ನಿಂದೂ ಜೂನ್ ಒಂದೇನವ್ವ?" ಎಂದ ವಾಮದೇವಪ್ಪ ಸೋತು.

"ಇಲ್ರಿ. ನಾ ಸಾಲಿಗೆ ಹೋಗಿಲ್ಲಲ್ರಿ. ನಂಗೆ ಹುಟ್ಟಿದ ದಿನಾನೇ ಇಲ್ಲ." ತನ್ನ ಬಳಿ ಕೊಡೆ ಇಲ್ಲ ಎನ್ನುವಷ್ಟೇ ಸಹಜವಾಗಿ ಹೇಳಿದಳು. "ನೀವು ದಿನಾ ಬರೀತೀರಿ, ಎಲ್ಲಾ ದಿನ ನಿಮ್ ಹತ್ರನೇ ಇರ್ತಾವೆ. ಯಾವ್ದಾರ ಖಾಲಿ ದಿನ ಇದ್ರ ನಂಗೊಂದು ಕೊಡ್ರಿ. ಒಳ್ಳೇದೇ ಬೇಕಂತಿಲ್ಲ. ಯಾರೂ ಬ್ಯಾಡ ಅಂದದ್ದು ಇದ್ರೂ ನಡೀತೈತೆ."

"ಹಂಗೆಲ್ಲಾ ಕೊಡಾಕ ಬರಂಗಿಲ್ಲವ್ವ. ಅದು ಚರಿತ್ರೆ."

"ಹೌದ್ರಾ?" ಎಂದು ಅವಳು ಅಲ್ಲೇ ನಿಂತಳು. ಅವಳನ್ನು ಸಾಗಹಾಕಲು ಅವನು, ನಾಳೆ ಬಾ, ನೋಡೋಣ ಎಂದ. ಮಾತು ಮುಗಿಯುವಷ್ಟರಲ್ಲಿ ಹೊರಗೆ ಸದ್ದಡಗಿತು. ಮುರುಗೇಶಪ್ಪನವರು ಬಂದಿದ್ದರು.

ಅವರು ನಗಲಿಲ್ಲ. ಬೋರ್ಡನ್ನು ಮೇಲಿಂದ ಕೆಳಗೆ ಓದಿದರು. ಅಂಚಿನಲ್ಲಿ ಅಡ್ಡಡ್ಡ ಬರೆದವರನ್ನೂ ತಲೆ ವಾರೆ ಮಾಡಿ ಓದಿದರು. "ವಾಟ್ ಈಸ್ ದಿಸ್, ವಾಮದೇವಪ್ಪ? ಹತ್ತಿ ಖಾತೆ ಅರ್ಧ ಗಂಟೆ ನಿಂತೈತೆ. ಇವರು ಧೋತ್ರ ಕೇಳ್ತಾರೆ. ಯಾರು ಶುರು ಮಾಡಿದ್ದು?" ಯಾರು ಎಂಬುದು ಬೋರ್ಡಿನ ಮೇಲೇ ಇತ್ತು. "ನೋಡ್ರಿ. ಚರಿತ್ರೆ ಅಂದ್ರೆ ಸತ್ಯ. ಸುಳ್ಳು ಬರೆಯೋದಾದ್ರೆ ಬೋರ್ಡು ಯಾಕೆ? ನೀವು ಜೂನ್ ಒಂದಕ್ಕೇ ಹುಟ್ಟಿದ್ದು ಅಂತ ಸಾಕ್ಷಿ ತರ್ರಿ, ಬೋರ್ಡು ನಿಮ್ಮದು. ಇಲ್ಲಾ, ನಾಳೆಯಿಂದ ಉಗುಳಬಾರದು ಅಂತ ಬರೀರಿ. ಕಾಯಂ."

ಕಾಯಂ ಎಂಬ ಮಾತು ಇಡೀ ದಿನ ಅವನ ಕಿವಿಯಲ್ಲಿ ನಿಂತಿತ್ತು. ಸಂಜೆ ಮನೆಗೆ ಹೋಗದೆ ಸೀದಾ ಸ್ಟೇಷನ್ನಿಗೆ ನಡೆದು ಹರಿಹರದ ಗಾಡಿ ಹತ್ತಿದ. ತಾಯಿ ಕಸ್ತೂರಮ್ಮ ಹರಿಹರದಲ್ಲಿ ಅವನ ತಂಗಿ ಅಕ್ಕನಾಗಮ್ಮನ ಮನೆಯಲ್ಲಿ ಇದ್ದರು. ಕಿಟಕಿಯಾಚೆ ಹೊಲಗಳು ಉತ್ತು ಮಳೆಗೆ ಬಾಯಿಬಿಟ್ಟು ಕೂತಿದ್ದವು. ಕೇಳಬಾರದು ಎಂದುಕೊಂಡ. ಕೇಳಿದರೆ ಗೊತ್ತಾಗಿಬಿಡುತ್ತದೆ. ಇಷ್ಟು ವರ್ಷ ಅವ್ವನನ್ನು ಕೇಳದೆ ಇದ್ದದ್ದು ಮರೆತಲ್ಲ, ಹೆದರಿ ಎಂದು ಈಗ ಹೊಳೆಯಿತು. ಮಾರ್ಗಶಿರದ ಯಾವುದೋ ಮಂಗಳವಾರ ಎಂದುಬಿಟ್ಟರೆ? ಆ ದಿನ ಯಾರು ಹುಟ್ಟಿದ್ದಾರೋ, ಯಾವ ಅರಸ ಸತ್ತಿದ್ದಾನೋ, ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕು. ನರ್ಗಿಸಳಿಗೆ ಏನು ಹೇಳುವುದು? ಎದುರಿಗೆ ಕೂತಿದ್ದ ಮುದುಕ, "ಯಾಕಪ್ಪ, ಯಾರಾದ್ರೂ ತೀರ್ಕಂಡ್ರಾ?" ಎಂದು ಕೇಳಿದ. ಇಲ್ಲ, ಹುಟ್ಟೋದರ ಬಗ್ಗೆ ಎಂದ ವಾಮದೇವಪ್ಪ. ಮುದುಕ ಖುಷಿಯಾಗಿ, ಗಂಡೇ ಆಗಲಿ ಎಂದು ಹರಸಿದ.

ಕಸ್ತೂರಮ್ಮ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಹೂಬತ್ತಿ ಹೊಸೆಯುತ್ತಿದ್ದರು. ಮಗ ಹೇಳದೆ ಕೇಳದೆ ಬಂದದ್ದಕ್ಕೆ ಒಂದಿಷ್ಟು ಗಾಬರಿಯಾಗಿ, ಅವನ ಕೈಕಾಲು ಮುಟ್ಟಿ ನೋಡಿ, ಎಲ್ಲಾ ನೆಟ್ಟಗಿವೆ ಎಂದು ಖಾತ್ರಿಯಾದ ಮೇಲೆ ಮತ್ತೆ ಬತ್ತಿ ಕೈಗೆತ್ತಿಕೊಂಡರು. ಅಕ್ಕನಾಗಮ್ಮ ಮಂಡಕ್ಕಿ ಕಲಸಿ ತಂದಿಟ್ಟು ಒಳಗೆ ಹೋದಳು. ಅವನು ಒಂದೊಂದೇ ಕಾಳು ತಿಂದ.

"ಅವ್ವಾ, ನಾ ಹುಟ್ಟಿದ ದಿನ ಏನಾಗಿತ್ತು?"

"ಏನಾಗಿರ್ತೈತೆ? ಹೊಟ್ಟಿ ನೋವಾಗಿತ್ತು."

"ಹಂಗಲ್ಲವ್ವ. ದೇಶದಾಗ ಏನಾಗಿತ್ತು?"

"ದೇಶಕ್ಕ ಹೊಟ್ಟಿ ನೋವಾಗಿದ್ರ ನಂಗೇನ್ ಗೊತ್ತೋ?" ಎಂದು ಕಸ್ತೂರಮ್ಮ ಮಗನ ಮುಖ ನೋಡಿದರು. ಆ ಮುಖದಲ್ಲಿ ಏನು ಕಂಡರೋ, ಬತ್ತಿ ಕೆಳಗಿಟ್ಟರು. "ಕಾರಹುಣ್ಣಿಮಿ ಹತ್ರ ಬಂದಿತ್ತು. ಎತ್ತಿನ ಕೊಂಬಿಗೆ ಹಚ್ಚಾಕ ಬಣ್ಣ ಕಲಸಿಕೋತ ಕೂತಿದ್ದೆ, ನೋವು ಬಂತು. ನೀ ಹುಟ್ಟಿದಾಗ ಸೂಲಗಿತ್ತಿ ಭೀಮವ್ವ, ಇದೇನ್ರಿ, ಕೂಸು ಕೆಂಪು ಬಣ್ಣ ಹಚ್ಕಂಡೇ ಬಂದೈತೆ ಅಂತ ನಕ್ಕಿದ್ಲು. ಅದು ನನ್ ಕೈಯಾಗಿನ ಬಣ್ಣ. ಮೂರನೇ ದಿನಕ್ಕ ಕಾರಹುಣ್ಣಿಮಿ. ಅವತ್ತು ನನ್ನ ಕತ್ಲ ಮೂಲಿಗೆ ಕೂಡ್ಸಿ, ಮ್ಯಾಲೆ ಕಂಬಳಿ ಹೊದ್ಸಿ, ಹೊರಗೆ ನೋಡಬ್ಯಾಡ ಅಂದ್ರು. ಚಂದ್ರಾಮ ಮೂಡ್ತಾನೇ ಗ್ರಹಣ ಹಿಡ್ಕಂಡು ಮೂಡಿದ್ನಂತೆ. ನಿನ್ನ ನನ್ನ ಹೊಟ್ಟಿಗೆ ಅವಚ್ಕಂಡು ಕೂತಿದ್ದೆ, ಗ್ರಹಣ ನಿನ್ನ ಮುಟ್ಟಬಾರದು ಅಂತ."

ವಾಮದೇವಪ್ಪನ ಬಾಯಲ್ಲಿದ್ದ ಮಂಡಕ್ಕಿ ಅಲ್ಲೇ ನಿಂತಿತು. ಕಾರಹುಣ್ಣಿಮೆ. ಗ್ರಹಣ. ಹೋದ ವರ್ಷ ಜೂನ್ ಮೂರಕ್ಕೆ ಬೋರ್ಡಿಗೆ ಬೇರೇನೂ ಸಿಗದೆ, ತಾನು ಹುಟ್ಟಿದ ವರ್ಷದ್ದು ಎಂಬ ಪ್ರೀತಿಗೆ, 1928: ಪೂರ್ಣ ಚಂದ್ರಗ್ರಹಣ ಎಂದು ಬರೆದದ್ದು ಅವನೇ. ಜಮಾಲ್ ಸಾಬ್, ಇಷ್ಟೇನಾ ಎಂದು ಬೇಜಾರು ಪಟ್ಟಿದ್ದ. ಗ್ರಹಣ ಮೂರನೇ ತಾರೀಖು. ಅದು ಮೂರನೇ ದಿನವಾದರೆ, ಮೊದಲನೇ ದಿನ? ಅವನು ಬೆರಳು ಮಡಚಿದ. ಬಿಚ್ಚಿದ. ಮತ್ತೆ ಮಡಚಿದ. ಕೊಟ್ಟೂರಪ್ಪ ಮೇಷ್ಟ್ರು ಯಾರನ್ನೂ ಕೇಳದೆ, ಕಣ್ಣು ಮುಚ್ಚಿ ಎಸೆದ ಕಲ್ಲು, ಇಡೀ ಹರಿಹರದಲ್ಲಿ ಒಂದೇ ಒಂದು ಕಾಯಿಗೆ ತಗಲಿತ್ತು. ಆ ಕಾಯಿ ತಾನು! ಅವನು ನಗಲು ಹೋಗಿ ಅತ್ತುಬಿಟ್ಟ.

"ಯಾಕೋ ಯಪ್ಪಾ, ಏನಾತೋ?"

"ಅವ್ವಾ, ನಂದು ನಿಜಾನೇ ಐತೆ."

ಕಸ್ತೂರಮ್ಮನಿಗೆ ಸಿಟ್ಟೇ ಬಂತು. "ನೀ ನಿಜ ಅಲ್ಲಂತ ಯಾರಂದ್ರು? ಕರ್ಕಂಡ್ ಬಾ ಅವರನ್ನ."

ಮರುದಿನ ಬೆಳಿಗ್ಗೆ ಮೊದಲ ಗಾಡಿಗೆ ದಾವಣಗೆರೆಯಲ್ಲಿ ಇಳಿದು ಮಿಲ್ಲಿನ ಕಡೆ ನಡೆಯುವಾಗ ಅವನ ಹೆಜ್ಜೆ ಮದುವೆ ಗಂಡಿನದಾಗಿತ್ತು. ದಾರಿಯಲ್ಲಿ ಸಿಕ್ಕ ಉಚ್ಚಂಗೆಪ್ಪನನ್ನು ಕನಿಕರದಿಂದ ನೋಡಿದ. ಪಾಪದ ಜನ, ದಿನವಿಲ್ಲದ ಜನ. ಮುರುಗೇಶಪ್ಪನವರು ಅವತ್ತು ಬೇಗ ಬಂದು ಗೇಟಿನಲ್ಲೇ ನಿಂತಿದ್ದರು. ಬಣ್ಣ, ಕೊಂಬು, ಕಂಬಳಿ, ಗ್ರಹಣ ಎಲ್ಲವನ್ನೂ ವಾಮದೇವಪ್ಪ ಒಂದೇ ಉಸಿರಿಗೆ ಹೇಳಿದ. ಅವರು ಕೇಳಿದರು. ಕೇಳುತ್ತ ಅವರ ಮುಖದಲ್ಲಿ ಒಂದು ಬಗೆಯ ದಯೆ ಮೂಡಿತು. ಆ ದಯೆ ಕಂಡು ಅವನ ಮಾತು ತೊದಲಿತು.

"ವಾಮದೇವಪ್ಪ, ಎಲ್ಲರೂ ಹಿಂಗೇ ಹೇಳ್ತಾರೆ. ನಿನ್ನೆ ಹನ್ನೊಂದು ಮಂದಿ ಬಂದು ಅವ್ವನ ಮೇಲೆ ಆಣೆ ಇಟ್ಟು ಹೋದ್ರು. ಚಂದ್ರನ್ನ ಸಾಕ್ಷಿಗೆ ಕರೆಯಾಕ ಬರ್ತೈತೇನ್ರಿ?" ಸ್ವಲ್ಪ ತಡೆದು, ಸುತ್ತ ನೋಡಿ, ಹತ್ತಿರ ಬಂದು ಹೇಳಿದರು: "ನಿಮಗೊಬ್ಬರಿಗೇ ಹೇಳ್ತೀನಿ. ಈ ಇಡೀ ಮಿಲ್ಲಿನಾಗೆ ನಿಜವಾಗ್ಲೂ ಜೂನ್ ಒಂದಕ್ಕೆ ಹುಟ್ಟಿದೋನು ಒಬ್ಬನೇ."

"ಯಾರು ಸಾರ್?"

"ನಾನು."

ಸತ್ಯ ಅವನ ಜೇಬಿನಲ್ಲೇ ಇತ್ತು, ಅಂಗಡಿಯಲ್ಲಿ ಯಾರೂ ತೆಗೆದುಕೊಳ್ಳದ ಸವಕಲು ನಾಣ್ಯದಂತೆ. ಮುರುಗೇಶಪ್ಪ ಒಳಗೆ ಹೋದರು. ವಾಮದೇವಪ್ಪ ಒದ್ದೆ ಬಟ್ಟೆ ತೆಗೆದುಕೊಂಡು ನಿನ್ನೆಯ ಜನರನ್ನೆಲ್ಲ ಒರೆಸಿದ. ಮಾಲತೇಶಪ್ಪ ಹೋದ, ಅವಳಿಯಲ್ಲದ ಅಣ್ಣತಮ್ಮಂದಿರು ಹೋದರು, ಉಚ್ಚಂಗೆಪ್ಪ ಹೋದ, ನರ್ಗಿಸ್ ಹೋದಳು. ತನ್ನ ಹೆಸರಿನ ಮೇಲೆ ಬಟ್ಟೆ ಒಂದು ಕ್ಷಣ ನಿಂತಿತು, ಆಮೇಲೆ ಅದೂ ಹೋಯಿತು. 'ಗೋಡೆಗೆ ಉಗುಳಬಾರದು' ಎಂದು ಬರೆದ. ಅಕ್ಷರ ದುಂಡಗೇ ಬಂದವು. ಕೈಗೆ ನಾಚಿಕೆ ಎಂಬುದಿಲ್ಲ. ಕೆಳಗೆ ಜಾಗ ಉಳಿದಿತ್ತು.

ಹಿಂದೆ ಯಾರೋ ನಿಂತಂತೆನಿಸಿ ತಿರುಗಿದ. ಊರಮ್ಮ. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿಕೊಂಡಿದ್ದಳು, ಹಣೆಯಲ್ಲಿ ದೊಡ್ಡ ಕುಂಕುಮ, ಒಗೆದು ಮಡಿಸಿಟ್ಟಿದ್ದ ಹಸಿರು ಸೀರೆ. ಅವಳ ಹಿಂದೆ ಸ್ವಲ್ಪ ದೂರದಲ್ಲಿ ಅದೇ ಖಾತೆಯ ಮರಿಯವ್ವ, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಆಕಾಶ ನೋಡುತ್ತ ನಿಂತಿದ್ದಳು.

"ನಾಳೆ ಬಾ ಅಂದಿದ್ರಿ," ಎಂದಳು ಊರಮ್ಮ. "ಇವತ್ತು ಖಾಲಿ ಐತೇನ್ರಿ?"

ಚರಿತ್ರೆ ಎಂದರೆ ಸತ್ಯ. ಜೂನ್ ಎರಡು ಖಾಲಿ ಇರಲಿಲ್ಲ. ಹನ್ನೆರಡು ವರ್ಷದ ಹಿಂದೆ ಅದೇ ದಿನ ಲಂಡನ್ನಿನಲ್ಲಿ ಇಂಗ್ಲೆಂಡಿನ ರಾಣಿಗೆ ಪಟ್ಟಾಭಿಷೇಕವಾಗಿತ್ತು. ಅದನ್ನು ಬರೆಯಬೇಕೆಂದು ಒಂದು ವಾರದ ಹಿಂದೆಯೇ ಇಟ್ಟುಕೊಂಡಿದ್ದ, ಕಿರೀಟದ ಚಿತ್ರ ಬಿಡಿಸುವುದನ್ನೂ ಕಲಿತಿದ್ದ. ವಾಮದೇವಪ್ಪ ಬೋರ್ಡಿನ ಕಡೆ ತಿರುಗಿದ. ಎಲ್ಲೋ ಕೊಟ್ಟೂರಪ್ಪ ಮೇಷ್ಟ್ರು ಉಪ್ಪಿಟ್ಟಿನ ತಟ್ಟೆ ಹಿಡಿದು ನಗುತ್ತಿದ್ದಂತೆನಿಸಿತು. ನಗಲಿ. ಅವನು ಬರೆದ: ಈ ದಿನ, ಊರಮ್ಮ ಜನನ. ಬರೆದು, ಪಕ್ಕದಲ್ಲಿ ಆ ಕಿರೀಟವನ್ನೂ ಬಿಡಿಸಿದ.

ಊರಮ್ಮನಿಗೆ ಓದಲು ಬರುತ್ತಿರಲಿಲ್ಲ. "ನಂದು ಎಲ್ಲೈತ್ರಿ?" ಎಂದಳು. ತೋರಿಸಿದ. ಅವಳು ಬೆರಳಿನಿಂದ ಅಕ್ಷರ ಮುಟ್ಟಲು ಹೋಗಿ, ಅಳಿಸೀತೆಂದು ಕೈ ಹಿಂದೆ ತೆಗೆದುಕೊಂಡಳು. ಅವಳ ಕಣ್ಣು ತುಂಬಿದ್ದವು. ಅವನ ಕಣ್ಣೂ ಅಷ್ಟೇನೂ ನೆಟ್ಟಗಿರಲಿಲ್ಲ.

"ಇನ್ಯಾರ್ ಯಾರ್ ಹುಟ್ಯಾರ್ರಿ, ಇವತ್ತು?"

"ಯಾರೂ ಇಲ್ಲವ್ವ," ಎಂದ ವಾಮದೇವಪ್ಪ. ಮೂರು ವರ್ಷದಲ್ಲಿ ಆ ಬೋರ್ಡಿನ ಮುಂದೆ ಅವನು ತಿಳಿದೂ ತಿಳಿದೂ ಆಡಿದ ಮೊದಲ ಸುಳ್ಳು. "ಇಡೀ ಲೋಕದಾಗ ಇವತ್ತು ನೀ ಒಬ್ಬಾಕೀನೇ."

ಊರಮ್ಮನ ಮುಖ ಅರಳುತ್ತ ಅರಳುತ್ತ ಅರ್ಧಕ್ಕೇ ನಿಂತಿತು. ಹಿಂದೆ ತಿರುಗಿ, ಆಕಾಶ ನೋಡುತ್ತಿದ್ದ ಮರಿಯವ್ವನನ್ನು ನೋಡಿದಳು.

"ಅಯ್ಯ, ಒಬ್ಬಾಕೀನೇ ಹುಟ್ಟಿ ಏನ್ ಮಾಡ್ಲಿ, ಬ್ಯಾಸರ ಆಗ್ತೈತೆ," ಎಂದಳು. "ಮರಿಯವ್ವನ್ನೂ ಹುಟ್ಟಸ್ರಿ."